ನೀರಿಗೆ ಕಟ್ಟಿದ ಗೋಡೆ

ನಮ್ಮ ಹಳೆಯ ಓಣಿಯವರ ಮೊಮ್ಮಗನೊಬ್ಬ ಮೊನ್ನೆ ಕಾವೂರಿನ ನನ್ನ ಮನೆಗೆ ಬಂದಿದ್ದ. ಓಣಿಯವರೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಾರಂತೆ. "ಆಗಿನ ಒಗ್ಗಟ್ಟು, ಆಗಿನ ಮಾನ ಮರ್ಯಾದೆ ಈಗ ಎಲ್ಲಿ ಉಂಟು ಟೀಚರೇ? ನೀವು ಅಲ್ಲಿಯೇ ಹುಟ್ಟಿ ಬೆಳೆದವರು, ಎರಡು ಪುಟ ಬರೆದುಕೊಡಿ" ಎಂದ. ಚಹಾ ಕುಡಿದ, ನಾಲ್ಕು ಗೋಳಿಬಜೆ ತಿಂದ, ಹೋದ. ಎರಡು ಪುಟ ಸಾಲದು. ನಾನು ಬರೆದದ್ದನ್ನು ಅವನು ಅಚ್ಚು ಹಾಕಿಸುವುದೂ ಇಲ್ಲ. ಆದರೂ ಬರೆಯುತ್ತೇನೆ. ಆ ಓಣಿಯವರ ಬಾಯಲ್ಲಿ ಮರ್ಯಾದೆ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ರಥಬೀದಿಯಿಂದ ಬಂದರಿನ ಕಡೆಗೆ ಇಳಿಯುವ ಓಣಿ ಅದು. ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಹಂಚಿನ ಮನೆಗಳು, ಪ್ರತಿ ಮನೆಗೂ ಬೀದಿಗೆ ಮುಖ ಮಾಡಿದ ಜಗಲಿ. ಸಂಜೆ ನಾಲ್ಕರಿಂದ ದೀಪ ಹಚ್ಚುವವರೆಗೆ ಜಗಲಿಗಳ ತುಂಬ ಗಂಡಸರು. ಅಕ್ಕಿ, ಮೆಣಸು, ಕೊಬ್ಬರಿಯ ವ್ಯಾಪಾರ ಮುಗಿಸಿ ಬಂದವರಿಗೆ ಸಂಜೆಯ ಕಸುಬು ಬೇರೆ. ಯಾರ ಮನೆಯ ಹೆಣ್ಣು ಬಾಗಿಲಿಗೆ ಬಂದಳು, ಯಾರ ಸೆರಗು ಎಷ್ಟು ಜಾರಿತ್ತು, ಯಾರ ನಗು ಬೀದಿಗೆ ಕೇಳಿಸಿತು ಎಂದು ಅಳೆದು ತೂಗಿ ತೀರ್ಪು ಕೊಡುವುದು. ಎಲೆಯಡಿಕೆ ಉಗುಳಿ ಉಗುಳಿ ಓಣಿಯ ಚರಂಡಿ ಕೆಂಪಾಗಿತ್ತು. ಮಾತು ಮಾತ್ರ ಬಲು ಮಡಿಯದು.

ನಮ್ಮದು ಅರ್ಧ ಮನೆ. ಹಿಂದೆ ಯಾವುದೋ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ದೊಡ್ಡ ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಆ ಗೋಡೆ ಹಿತ್ತಲಿಗೂ ಹೋಗಿ, ಬಾವಿಯ ಮೇಲೆ ಒಂದು ಕಮಾನಾಗಿ ದಾಟಿ, ಆಚೆ ಬೇಲಿಯ ತನಕ ಮುಟ್ಟಿತ್ತು. ಕಮಾನಿನ ಕೆಳಗೆ ಬಾವಿ ಒಂದೇ. ಈಚೆ ಅರ್ಧಕ್ಕೆ ನಮ್ಮ ರಾಟೆ, ಆಚೆ ಅರ್ಧಕ್ಕೆ ಅವರ ರಾಟೆ. ಬಂದರಿನ ಹತ್ತಿರದ ಹೆಚ್ಚಿನ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತಿದ್ದವು. ನಮ್ಮದು ಕಡು ಬೇಸಿಗೆಯಲ್ಲೂ ಎಳನೀರಿನಂತೆ ಸಿಹಿ.

ನನ್ನ ಅಪ್ಪ ಕೋರ್ಟಿನ ಎದುರಿನ ಮರದಡಿಯಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದರು. ಊರೆಲ್ಲ ಅವರನ್ನು ರೈಟ್ರು ಎಂದೇ ಕರೆಯುತ್ತಿತ್ತು. ಇಂತಹವನ ಹೆಂಡತಿ ಇಂತಹವಳು, ಇಂತಹವನ ಮಗಳು ಇಂತಹವಳು ಎಂದು ದಿನಕ್ಕೆ ಹತ್ತಾರು ಹೆಂಗಸರ ಹೆಸರನ್ನು ದುಂಡಗೆ ಬರೆಯುವ ಕೈ ಅವರದು. ಮನೆಗೆ ಬಂದರೆ ಆ ಕೈಯ ಯಜಮಾನರಿಗೆ ಹೆಂಡತಿಯನ್ನು ಕರೆಯಲು "ಏ" ಒಂದೇ ಸಾಕಾಗುತ್ತಿತ್ತು. ಇದರಲ್ಲಿ ಅವರು ಒಬ್ಬರೇ ಅಲ್ಲ. ನಮ್ಮ ಓಣಿಯಲ್ಲಿ ಮದುವೆಯಾದ ಯಾವ ಹೆಂಗಸಿಗೂ ಹೆಸರಿರಲಿಲ್ಲ. ಅಕ್ಕಿಯವರ ಸೊಸೆ, ಮೂಲೆಮನೆಯ ದೊಡ್ಡವಳು, ರೈಟ್ರ ಮನೆಯವಳು, ಅಷ್ಟೇ. ಹೆಂಗಸಿನ ಹೆಸರು ಬೀದಿಗೆ ಬಿದ್ದರೆ ಮನೆತನದ ಮಾನ ಹೋಯಿತು ಎಂದು ಅವರ ನಂಬಿಕೆ. ಗಂಡಸರ ಉಗುಳು ಬೀದಿಗೆ ಬಿದ್ದರೆ ಏನೂ ಹೋಗುತ್ತಿರಲಿಲ್ಲ.

ಅಮ್ಮ ನೇತ್ರಾವತಿಯ ಆಚೆ ದಡದ ಹಳ್ಳಿಯವಳು. ಅವಳ ತವರಿನಲ್ಲಿ ಹೀಗಿರಲಿಲ್ಲ. ಗದ್ದೆಯ ಈ ಅಂಚಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಆ ಅಂಚಿನಿಂದ "ಓ" ಎಂದು ಗಂಟಲು ಬಿಚ್ಚಿ ಓಗೊಡುವುದು ಅಲ್ಲಿಯ ಹೆಂಗಸರ ವಾಡಿಕೆ. ಅಮ್ಮನ "ಓ" ಹೊಳೆಯಲ್ಲಿದ್ದ ದೋಣಿಯವರಿಗೂ ಕೇಳುತ್ತಿತ್ತು ಎಂದು ಅಜ್ಜಿ ಹೇಳಿದ್ದಳು. ಅಪ್ಪನೂ ಅಂಥದೇ ಹಳ್ಳಿಯವರು. ಅವರನ್ನು ಹೆತ್ತ ತಾಯಿಯೂ ಕೆಸರಿನಲ್ಲಿ ನೇಜಿ ನೆಡುತ್ತ ಹಾಗೆಯೇ ಓಗೊಟ್ಟವಳು. ಆದರೆ ಪೇಟೆಯಲ್ಲಿ ಅರ್ಧ ಮನೆ ಸಿಕ್ಕಿದ ಮೇಲೆ ಅಪ್ಪನಿಗೆ ಅದೆಲ್ಲ ಮರೆತುಹೋಯಿತು. ಎದುರು ಮನೆಯ ಯಜಮಾನರ ಜಗಲಿಯಲ್ಲಿ ಒಂದು ದಿನ ತಾನೂ ಕುಳಿತುಕೊಳ್ಳಬೇಕು ಎಂಬುದೇ ಅವರ ಜೀವನದ ದೊಡ್ಡ ಆಸೆ. ಆ ಯಜಮಾನರು ಅಕ್ಕಿಯ ದೊಡ್ಡ ವ್ಯಾಪಾರಿ, ಜಾತಿಯಲ್ಲಿ ನಮಗಿಂತ ಎರಡು ಮೆಟ್ಟಿಲು ಮೇಲಿನವರು. ಅಪ್ಪ ಅವರ ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ವರ್ಷಗಟ್ಟಲೆ ನಿಂತುಕೊಂಡೇ ನಕ್ಕರು. ಕುಳಿತುಕೊಳ್ಳಿ ಎಂದು ಅವರು ಹೇಳಲಿಲ್ಲ.

ಗೋಡೆಯ ಆಚೆಯ ಅರ್ಧ ಮನೆಗೆ ಕೊಂಕಣಿ ಮಾತಾಡುವ ಒಬ್ಬರು ಕ್ರಿಶ್ಚಿಯನ್ ಟೀಚರು ಬಂದರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಮದುವೆಯಾಗದವರು, ಮುದಿ ತಾಯಿಯೊಡನೆ ಇದ್ದರು. ಬೆಳಿಗ್ಗೆ ಇಗರ್ಜಿಯ ಗಂಟೆ ಬಾರಿಸುವ ಮೊದಲೇ ಎದ್ದು ನೀರು ಸೇದಿ, ಆಮೇಲೆ ಕಪ್ಪು ಕೊಡೆ ಹಿಡಿದು ಹೆಣ್ಣುಮಕ್ಕಳ ಶಾಲೆಗೆ ನಡೆದು ಹೋಗುತ್ತಿದ್ದರು. ಬಂದ ಮೊದಲ ವಾರವೇ ಒಂದು ಬೆಳಿಗ್ಗೆ, ಅಮ್ಮನ ರಾಟೆಯ ಸದ್ದು ಕೇಳಿ, ಕಮಾನಿನ ಕೆಳಗೆ ಬಾಗಿ ತುಳುವಿನಲ್ಲಿ ಕೇಳಿದರು.

"ಅಕ್ಕಾ, ನಿಮ್ಮ ಹೆಸರು ಎಂತ?"

ಆರು ವರ್ಷದ ಮಗುವಾಗಿದ್ದ ನಾನು ಅಮ್ಮನ ಪಕ್ಕದಲ್ಲೇ ಇದ್ದೆ. ಅವಳು ಏನೋ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಹಿಂದೆ ಮುಂದೆ ನೋಡಿದಳು.

"ಎಲ್ಲರೂ ರೈಟ್ರ ಮನೆಯವಳು ಅಂತ ಹೇಳ್ತಾರೆ ಬಾಯಮ್ಮ."

"ರೈಟ್ರ ಹೆಸರು ನನಗೆ ಎಂತಕ್ಕೆ? ನಿಮ್ಮದು ಹೇಳಿ."

ಅಮ್ಮ ಹೇಳಿದಳು. ಎಷ್ಟು ಮೆಲ್ಲಗೆ ಎಂದರೆ ಅವರು ಎರಡನೆಯ ಸಲ ಕೇಳಬೇಕಾಯಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದ ಕಾಲದಲ್ಲಿ ಕೇಳದೆ ಹೋದವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದಬಹುದು. ಅವರಿಗೆ ಅದು ಪುಕ್ಕಟೆ ಸಿಗುವುದು ಬೇಡ.

ಅಂದಿನಿಂದ ದಿನವೂ ಬೆಳಿಗ್ಗೆ ಬಾಯಮ್ಮ ಬಾವಿಯೊಳಗೆ ಬಾಗಿ ಅಮ್ಮನ ಹೆಸರು ಕರೆಯುತ್ತಿದ್ದರು. ಅಮ್ಮ ಮೊದಮೊದಲು "ಹೂಂ" ಎಂದಳು. ಆಮೇಲೆ "ಓ" ಎಂದಳು. ಬಾವಿಯೊಳಗೆ ಇಳಿದ ಆ "ಓ" ಕಲ್ಲಿಗೆ ತಾಗಿ ದೊಡ್ಡದಾಗಿ ಮೇಲೆ ಬರುತ್ತಿತ್ತು. ಹಂಡೆ ತುಂಬಿದ್ದರೂ ಅಮ್ಮ ಕೊಡಪಾನ ಹಿಡಿದು ಬಾವಿಗೆ ಹೋಗುವಳು. ಅವರ ಮಾತಿನಲ್ಲಿ ಗುಟ್ಟೇನೂ ಇರಲಿಲ್ಲ. ಬಸಳೆ ಎಷ್ಟು ಹಬ್ಬಿತು, ಮುದಿ ತಾಯಿಯ ಕಾಲುನೋವು ಹೇಗಿದೆ, ಮೂರನೆಯ ಕ್ಲಾಸಿನ ಯಾವ ಹುಡುಗಿ ಹೇನು ತಂದಳು, ಅಷ್ಟೇ. ಆದರೆ ದಿನವಿಡೀ "ಏ" ಎನಿಸಿಕೊಳ್ಳುವ ಹೆಂಗಸಿಗೆ ಬೆಳಗಿನ ಆ ಕಾಲು ಗಂಟೆಯಲ್ಲಿ ಹೆಸರಿತ್ತು. ಅವಳು ನಗುತ್ತಿದ್ದದ್ದೂ ಅಷ್ಟು ಹೊತ್ತೇ.

ಹೀಗೆ ಮೂರು ವರ್ಷ ನಡೆಯಿತು. ಒಂದು ಸಂಜೆ ಎದುರು ಜಗಲಿಯ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ, ಕೆಳಗೆ ನಿಂತಿದ್ದ ಅಪ್ಪನಿಗೆ ಹೇಳಿದರು.

"ರೈಟ್ರೇ, ನಿಮ್ಮ ಮನೆಯವರ ಹೆಸರು ಒಳ್ಳೆ ಚೆಂದ ಉಂಟು ಮಾರಾಯರೇ. ಬೆಳಿಗ್ಗೆ ಬೆಳಿಗ್ಗೆ ನಮಗೆ ಸುಪ್ರಭಾತದ ಹಾಗೆ ಕೇಳ್ತದೆ."

ಜಗಲಿಯವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಮನೆಗೆ ಬಂದು ಅಂಗಿ ಕಳಚುವ ಮೊದಲೇ ಅಮ್ಮನಿಗೆ ಹೇಳಿದರು: "ನಾಳೆಯಿಂದ ಅವಳು ಕರೆದರೆ ನೀನು ಓಗೊಡಕೂಡದು."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೆಸರು ಬೀದಿಗೆ ಬಿದ್ದಿತೆಂದು ಬಾಯಿಬಿಟ್ಟು ಹೇಳಿದರೆ ಇನ್ನೂ ನಾಚಿಕೆಗೇಡು. ಆದ್ದರಿಂದ ಜಗಲಿಯಲ್ಲಿ ಅದು ಮಡಿಯ ಪ್ರಶ್ನೆಯಾಯಿತು. ಕ್ರಿಶ್ಚಿಯನ್ನರ ಕೊಡಪಾನ ಇಳಿಯುವ ನೀರನ್ನು ರೈಟ್ರ ಮನೆಯವರು ಕುಡಿಯುವುದೇ, ದೇವರಿಗೆ ಇಡುವುದೇ ಎಂದು ಮೂರು ವರ್ಷದ ನಂತರ ಒಮ್ಮೆಲೇ ಎಲ್ಲರಿಗೂ ಎಚ್ಚರವಾಯಿತು. ಇಡೀ ಒಂದು ವಾರ ಆ ಮಹಾಪಂಡಿತರ ಸಭೆ ನಡೆಯಿತು. ಕೊನೆಗೆ ಯಜಮಾನರೇ ಪರಿಹಾರ ಹೇಳಿದರು. ಮೇಲಿನ ಗೋಡೆಯನ್ನು ಬಾವಿಯೊಳಗೂ ಇಳಿಸುವುದು. ಕಮಾನಿನಿಂದ ನೀರಿನವರೆಗೆ, ನೀರಿನಿಂದ ತಳದ ಬಂಡೆಯವರೆಗೆ. ಅವರ ನೀರು ಅವರಿಗೆ, ನಮ್ಮ ನೀರು ನಮಗೆ. ನೀರಿಗೂ ಪಾಲುಪಟ್ಟಿ ಬರೆದವರು ಈ ಭೂಮಿಯಲ್ಲಿ ನಮ್ಮ ಓಣಿಯವರು ಮಾತ್ರ ಇರಬೇಕು.

ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಕಲ್ಲು ಕಟ್ಟುವವನನ್ನು ಕರೆಸಿದರು. ಅವನು ಬಾವಿಗೆ ಇಳಿದು, ಒದ್ದೆ ಮೈಯಲ್ಲಿ ಹತ್ತಿ ಬಂದು ತಲೆ ತುರಿಸಿಕೊಂಡ.

"ದನಿಗಳೇ, ಒರತೆ ಇರುವುದು ಗುಡ್ಡೆಯ ಬದಿಯಲ್ಲಿ, ಆ ಬಾಯಮ್ಮನ ಅರ್ಧದಲ್ಲಿ. ನಿಮ್ಮ ಬದಿಗೆ ಹೊಳೆಯ ಉಪ್ಪುನೀರು ಮಾತ್ರ ಜಿನುಗ್ತದೆ. ಗೋಡೆ ಹಾಕಿದರೆ ನೀವು ಕುಡಿಯುವುದು ಎಂತ?"

ಬಾವಿಕಟ್ಟೆಯ ಸುತ್ತ ನಿಂತಿದ್ದವರಲ್ಲಿ ಬಾವಿಗೆ ಇಳಿದು ನೋಡಿದವನು ಅವನೊಬ್ಬನೇ. ಆದ್ದರಿಂದ ಅವನ ಮಾತನ್ನು ಯಾರೂ ಕೇಳಲಿಲ್ಲ. "ನಿನಗೆ ಹೇಳಿದ ಕೆಲಸ ಮಾಡು" ಎಂದರು ಅಪ್ಪ.

ಬಾವಿ ಇಬ್ಬರದೂ ಆದ್ದರಿಂದ ಬಾಯಮ್ಮನ ಒಪ್ಪಿಗೆ ಬೇಕಿತ್ತು. ಅಪ್ಪ ಬೀದಿಯಲ್ಲಿ ನಿಂತು, ಅವರ ಮುಖ ನೋಡದೆ, ಅವರ ಕೊಡೆಯೊಡನೆ ಮಾತಾಡಿದರು. ಬಾಯಮ್ಮ ಎಲ್ಲ ಕೇಳಿ, "ನಿಮ್ಮ ಮನಸ್ಸಿಗೆ ಸಮಾಧಾನ ಆಗುವುದಾದರೆ ಕಟ್ಟಿ. ಆದರೆ ಅಕ್ಕನ ಹತ್ತಿರ ಒಂದು ಮಾತು ಕೇಳಿದ್ದೀರಾ?" ಎಂದರು. ಅಮ್ಮನ ಹತ್ತಿರ ಏನು ಕೇಳುವುದು? ನೀರು ಸೇದುವವಳು ಅವಳು ತಾನೇ, ನೀರಿನ ವಿಷಯ ಅವಳಿಗೇನು ಗೊತ್ತು!

ನಾಲ್ಕು ದಿನದಲ್ಲಿ ಮುರಕಲ್ಲಿನ ಗೋಡೆ ಎದ್ದಿತು. ಐದನೆಯ ದಿನ ಅನ್ನಕ್ಕೆ ಬೇರೆ ಉಪ್ಪು ಬೇಡವಾಯಿತು. ಬೇಳೆ ಎರಡು ಗಂಟೆ ಕುದಿದರೂ ಕಲ್ಲಿನ ಹಾಗೇ ಇತ್ತು. ಕಾಫಿಯನ್ನು ಅಪ್ಪ ಒಂದು ಗುಟುಕು ಕುಡಿದರು, ಮುಖ ಹುಳಿಯಾಯಿತು, ಉಳಿದದ್ದನ್ನೂ ಕುಡಿದು ಮುಗಿಸಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಅಮ್ಮ ಕೊಡಪಾನ ಹಿಡಿದು ಎದುರು ಮನೆಯ ಹಿತ್ತಲಿಗೆ ಹೋದಳು. ಮಡಿಯ ಉಪಾಯ ಹೇಳಿಕೊಟ್ಟವರ ಬಾವಿಯಲ್ಲಿ ಒಂದು ಕೊಡ ನೀರಾದರೂ ಸಿಗಬೇಕಿತ್ತಲ್ಲ. "ಅಲ್ಲಿಯೇ ನಿಲ್ಲು. ಹಗ್ಗ ಮುಟ್ಟಬೇಡ. ಆಳು ಬಂದ ಮೇಲೆ ಸೇದಿ ಹೊಯ್ಯುತ್ತಾನೆ" ಎಂದು ಒಳಗಿನಿಂದ ಅಪ್ಪಣೆಯಾಯಿತು. ಆಳು ಮಧ್ಯಾಹ್ನದವರೆಗೂ ಬರಲಿಲ್ಲ. ಅಮ್ಮನ ಸೆರಗು ಹಿಡಿದು ನಾನೂ ಬಿಸಿಲಲ್ಲಿ ನಿಂತಿದ್ದೆ. ಅಪ್ಪನಿಗೆ ಆಚೆಯವರು ಮೈಲಿಗೆ, ಎದುರಿನವರಿಗೆ ಅಪ್ಪನೇ ಮೈಲಿಗೆ. ಒಂಬತ್ತು ವರ್ಷದ ನನಗೆ ಅರ್ಥವಾದ ಈ ಮಾತು ಕೋರ್ಟಿನ ಕಾಗದವನ್ನೆಲ್ಲ ಅರೆದು ಕುಡಿದ ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ನಾವು ಖಾಲಿ ಕೊಡಪಾನದಲ್ಲಿ ಹಿಂದೆ ಬಂದೆವು.

ಮಾರನೆಯ ಬೆಳಿಗ್ಗೆ ನಮ್ಮ ಹಿತ್ತಲಿನ ಗೋಡೆಯ ತಲೆಯ ಮೇಲೆ ಅಡಿಕೆ ಮರದ ದಂಬೆಯೊಂದು ಬಂದು ಕುಳಿತಿತ್ತು. ಮಳೆಗಾಲದಲ್ಲಿ ಮಾಡಿನ ನೀರು ಹರಿಸಲು ಇಡುತ್ತಾರಲ್ಲ, ಸೀಳಿದ ಅಡಿಕೆ ಮರ, ಅದೇ. ಆಚೆಯಿಂದ ಬಾಯಮ್ಮ ಅಮ್ಮನ ಹೆಸರು ಕರೆದರು. ಅಮ್ಮ ಓಗೊಡಲಿಲ್ಲ. ಅಪ್ಪ ಒಳಗೆ ಹಲ್ಲುಜ್ಜುತ್ತಿದ್ದರು. ಅಮ್ಮ ಕೊಡಪಾನವನ್ನು ಒಗೆಯುವ ಕಲ್ಲಿಗೆ ಎರಡು ಸಲ ಟಣ್ ಟಣ್ ಎಂದು ಬಡಿದಳು. ಆಚೆ ಕೊಡಪಾನ ಬಾಗಿತು. ದಂಬೆಯಲ್ಲಿ ಸಿಹಿನೀರು ಹರಿದು ಬಂದು ಅಮ್ಮನ ಕೊಡಪಾನಕ್ಕೆ ಬಿತ್ತು.

ಮಳೆ ಹಿಡಿಯುವವರೆಗೆ ಹೀಗೆಯೇ. ದಿನಕ್ಕೆ ಆರು ಕೊಡ. ಶಾಲೆಗೆ ಹೋಗುವ ಮೊದಲು ಆ ಹೆಂಗಸು ತನ್ನ ಮನೆಗೆ ಸೇದಿ, ನಮ್ಮ ಮನೆಗೂ ಸೇದುತ್ತಿದ್ದರು. ನೀರು ಎಲ್ಲಿಂದ ಬಂತೆಂದು ಅಪ್ಪ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಹೆದರಿಕೆ. ಆ ನೀರಿನಲ್ಲಿ ಮಾಡಿದ ಕಾಫಿ ಕುಡಿದು, ಆ ನೀರಿನ ತಂಬಿಗೆಯನ್ನು ದೇವರ ಮುಂದೆ ಇಟ್ಟು ಕೈಮುಗಿದು, ಸಂಜೆ ಎದುರು ಜಗಲಿಯ ಮೆಟ್ಟಿಲಲ್ಲಿ ನಿಂತು ಅವರು ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ: "ಗೋಡೆ ಕಟ್ಟಿದ ಮೇಲೆ ನೀರಿನ ರುಚಿಯೇ ಬೇರೆ ಆಗಿದೆ. ಶುದ್ಧ ಅಂದರೆ ಶುದ್ಧ." ಜಗಲಿಯವರು ತಲೆದೂಗಿದರು. ಅವರಲ್ಲಿ ನಮ್ಮ ಸಾಲಿನವರ ಹಿಂದಿನ ಕಿಟಕಿಗಳಿಗೆ ನಮ್ಮ ಹಿತ್ತಲಿನ ದಂಬೆ ಕಾಣುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಆ ಓಣಿಯ ಮರ್ಯಾದೆ ಎಂದರೆ ಇದು: ಕಂಡದ್ದನ್ನು ಕಾಣದ ಹಾಗೆ ಇರುವುದು, ಕೇಳದ್ದನ್ನು ಕೇಳಿದ ಹಾಗೆ ಹೇಳುವುದು.

ಗೋಡೆ ಎರಡು ಬೇಸಿಗೆ ನಿಂತಿತು. ಎರಡನೆಯ ಆಷಾಢದಲ್ಲಿ ಒಂದು ಮಧ್ಯಾಹ್ನ ಧಡ್ ಎಂಬ ಸದ್ದಾಯಿತು. ಏರಿದ ನೀರು ಮುರಕಲ್ಲುಗಳನ್ನು ತಳಕ್ಕೆ ತಳ್ಳಿತ್ತು. ಎರಡು ಅರ್ಧಗಳೂ ಮೊದಲಿನ ಹಾಗೆ ಒಂದಾದವು. ಅಪ್ಪ ಬಗ್ಗಿ ನೋಡಿ, "ಮುಂದಿನ ಬೇಸಿಗೆಗೆ ನೋಡುವಾ" ಎಂದರು. ಮುಂದಿನ ಬೇಸಿಗೆಗೆ ಜಗಲಿಯವರಿಗೆ ಬೇರೆ ಯಾರದೋ ಸೊಸೆ ಸಿಕ್ಕಿದ್ದಳು. ಗೋಡೆಯ ಸುದ್ದಿ ಯಾರೂ ಎತ್ತಲಿಲ್ಲ, ಎತ್ತದಿದ್ದರೆ ಅಪ್ಪನಿಗೂ ಮೈಲಿಗೆ ಇಲ್ಲ.

ಗೋಡೆ ಬಿದ್ದ ಮಾರನೆಯ ಬೆಳಿಗ್ಗೆ ನಾನು ಬೇಗ ಎದ್ದು ಬಾವಿಕಟ್ಟೆಯ ಹತ್ತಿರ ಕಾದೆ. ಬಾಯಮ್ಮ ಕಮಾನಿನ ಕೆಳಗೆ ಬಾಗಿ ಅಮ್ಮನ ಹೆಸರು ಕರೆದರು. ಅಪ್ಪ ಆ ದಿನ ಊರಿನಲ್ಲೇ ಇರಲಿಲ್ಲ. ಅಮ್ಮ ಬಾಯಿ ತೆರೆದಳು. ಸ್ವರ ಬರಲಿಲ್ಲ. ಕೊಡಪಾನವನ್ನು ಕಲ್ಲಿಗೆ ಎರಡು ಸಲ ಬಡಿದಳು. ಆಮೇಲೆ ಬದುಕಿದ್ದಷ್ಟು ದಿನವೂ ಹಾಗೆಯೇ ಮಾಡಿದಳು. ಮಾತು ಮೊದಲಿನ ಹಾಗೆ ಆಡುವಳು, ಬಸಳೆಯ ಸುದ್ದಿ ಕೇಳುವಳು. ಆದರೆ ಹೆಸರು ಕರೆದರೆ ಕೊಡಪಾನದ ಸದ್ದು ಮಾತ್ರ. ಹೊಳೆಯ ದೋಣಿಯವರಿಗೂ ಕೇಳುತ್ತಿದ್ದ ಆ "ಓ"ವನ್ನು ನಮ್ಮ ಓಣಿ ತಿಂದು ತೇಗಿತ್ತು.

ಯುದ್ಧದ ವರ್ಷಗಳು ಬಂದವು. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ಅಂಥ ಒಂದು ಮಳೆಗಾಲದಲ್ಲಿ ಅಮ್ಮ ನಾಲ್ಕು ದಿನ ಜ್ವರದಲ್ಲಿ ಮಲಗಿ ಐದನೆಯ ಬೆಳಿಗ್ಗೆ ಹೋದಳು. ನನಗೆ ಆಗ ಹದಿನೇಳು. ನೆಂಟರು ನಾಲ್ಕು ಜನ ಹೊಳೆ ದಾಟಿ ಬಂದರು. ಜಗಲಿಯವರು ತಮ್ಮ ತಮ್ಮ ಜಗಲಿಯಿಂದಲೇ ದುಃಖಪಟ್ಟರು. ಬೀದಿಗೆ ಇಳಿದರೆ ಕಾಲು ಒದ್ದೆಯಾಗುತ್ತಿತ್ತು.

ಹತ್ತು ಗಂಟೆಗೆ ಮುನಿಸಿಪಾಲಿಟಿಯ ಗುಮಾಸ್ತ ಉದ್ದನೆಯ ಪುಸ್ತಕ ಹಿಡಿದು ಬಂದ. ಸಾವನ್ನು ಬರೆದುಕೊಂಡು ಚೀಟಿ ಕೊಟ್ಟರೆ ಮಾತ್ರ ಹೆಣ ಎತ್ತಬಹುದು. ಅಪ್ಪ ನಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಬಾಗಿಲ ಒಳಗೆ, ಅಮ್ಮನ ಕಾಲಿನ ಹತ್ತಿರ.

"ತೀರಿಹೋದವರ ಹೆಸರು?"

"ನಮ್ಮ ಮನೆಯವಳು" ಎಂದರು ಅಪ್ಪ.

"ಅದು ಗೊತ್ತಾಯ್ತು ರೈಟ್ರೇ. ಹೆಸರು ಎಂತ?"

ಅಪ್ಪ ಎದುರು ಜಗಲಿಯ ಕಡೆಗೆ ನೋಡಿದರು. ಯಜಮಾನರು ಎಲೆ ಮಡಚುತ್ತ ಇತ್ತಲೇ ನೋಡುತ್ತಿದ್ದರು. ಅಕ್ಕಪಕ್ಕದ ಜಗಲಿಗಳಲ್ಲಿಯೂ ಕಿವಿ ನೆಟ್ಟಗಾಗಿದ್ದವು.

"ಇಂತಹವರ ಹೆಂಡತಿ ಅಂತ ಬರೆದರೆ ಆಗುವುದಿಲ್ಲವಾ?"

"ಅರ್ಜಿ ಬರೆಯುವವರು ನೀವೇ ಹೀಗೆ ಹೇಳಿದರೆ ಹೇಗೆ ಮಾರಾಯರೇ? ಹೆಸರಿಲ್ಲದೆ ಯಾರು ಸತ್ತರು ಅಂತ ಬರೆಯುವುದು?"

ಅಪ್ಪನಿಗೆ ಹೆಸರು ಮರೆತಿರಲಿಲ್ಲ. ಸಾವಿರ ಹೆಂಗಸರ ಹೆಸರು ಬರೆದವರಿಗೆ ಒಂದು ಹೆಸರು ಮರೆಯುತ್ತದೆಯೇ? ಹೆಣ ಒಳಗಿರುವಾಗಲೂ ಅವರಿಗೆ ಆ ಮೆಟ್ಟಿಲು ಬೇಕಿತ್ತು. ಅವರನ್ನು ಬೈದು ಏನು ಪ್ರಯೋಜನ? ಹೆಸರು ನನಗೂ ಗೊತ್ತಿತ್ತು. ಶಾಲೆ ಕಲಿತ ಹುಡುಗಿ, ಬಾಯಿದ್ದ ಹುಡುಗಿ, ಹೊಸಿಲ ಹತ್ತಿರವೇ ಇದ್ದೆ. ನಾನೂ ಬಾಯಿ ತೆರೆಯಲಿಲ್ಲ. ಆ ಬೀದಿಯ ಮೇಲೆ ಇಷ್ಟು ವರ್ಷ ಉಗುಳಿದ್ದೇನೆ, ಆದರೆ ಆ ಗಳಿಗೆಯಲ್ಲಿ ನಾನೂ ಅದೇ ಬೀದಿಯ ಹುಡುಗಿ.

ಆಗ ಮಳೆಯಲ್ಲಿ ಕಪ್ಪು ಕೊಡೆಯೊಂದು ನಮ್ಮ ಮನೆಯ ಮುಂದೆ ಬಂದು ನಿಂತಿತು. ಹನ್ನೊಂದು ವರ್ಷ ಪಕ್ಕದಲ್ಲೇ ಇದ್ದರೂ ಬಾಯಮ್ಮ ನಮ್ಮ ಮುಂಬಾಗಿಲಿಗೆ ಬಂದದ್ದು ಅದೇ ಮೊದಲು. ಅಪ್ಪನನ್ನು ನೋಡಲಿಲ್ಲ, ಗುಮಾಸ್ತನನ್ನೂ ನೋಡಲಿಲ್ಲ. ತೆರೆದ ಬಾಗಿಲಿಗೆ ಮುಖ ಮಾಡಿ, ಶಾಲೆಯಲ್ಲಿ ಹಾಜರಿ ಕರೆಯುವ ಗಟ್ಟಿ ಸ್ವರದಲ್ಲಿ, ಅಮ್ಮನ ಹೆಸರು ಕರೆದರು.

ಬಾಯಮ್ಮ ಕಾಯುತ್ತಿದ್ದರು. ಅಭ್ಯಾಸ ಬಲದಿಂದ ಅವರ ತಲೆ ಒಂದು ಬದಿಗೆ ವಾಲಿತ್ತು, ಕೊಡಪಾನದ ಸದ್ದಿಗೆ ಕಿವಿ ಕೊಡುವವರ ಹಾಗೆ.

"ಓ" ಎಂದೆ ನಾನು. ಹೊಟ್ಟೆಯಿಂದ ಬಂದ ಸ್ವರ ಅದು, ಗದ್ದೆಯ ಅಂಚಿನಿಂದ ಕೂಗುವವರ ಸ್ವರ. ಓಣಿಯ ಈ ತುದಿಯಿಂದ ಬಂದರಿನ ತುದಿಯವರೆಗೆ ಎಲ್ಲ ಜಗಲಿಗಳಿಗೂ ಕೇಳಿತು.

ಗುಮಾಸ್ತ ಹೆಸರು ಬರೆದುಕೊಂಡು ಪುಸ್ತಕವನ್ನು ಅಪ್ಪನ ಮುಂದೆ ಹಿಡಿದ. ಅಪ್ಪ ತಲೆ ಎತ್ತದೆ ಅದರ ಕೆಳಗೆ ಸಹಿ ಹಾಕಿದರು.